ಕ್ಯಾಟ್ ಬದಲಿಸುವ ಮೊದಲು ಚೀಟಿ ಓದಿ

ಪ್ರಶ್ನೆ: ನಮ್ಮಲ್ಲಿ 2006ರ ಮಾರುತಿ 800 ಇದೆ. ಪೆಟ್ರೋಲ್, ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಬಿಡುವ ಇಂಜಿನ್), ಹಾಸನದ ರಿಜಿಸ್ಟ್ರೇಷನ್. ಅಪ್ಪ ತೆಗೆದುಕೊಂಡಿದ್ದು, ಮಾರಲು ಮನಸ್ಸಿಲ್ಲ. 2021ರಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ್ದೆವು, ಈಗ ಮತ್ತೆ ಮಾಡಿಸಬೇಕು. ಎಮಿಷನ್ ಟೆಸ್ಟ್‌ನಲ್ಲೇ ಫೇಲ್ ಆಗಿದೆ. ಚೀಟಿಯಲ್ಲಿ ಸಿಒ 1.86, ಎಚ್‌ಸಿ 410 ಎಂದಿದೆ. ಗ್ಯಾರೇಜ್‌ನವರು ‘ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹೋಗಿದೆ, ಹೊಸದಕ್ಕೆ 16 ಸಾವಿರ’ ಅನ್ನುತ್ತಿದ್ದಾರೆ. ಮೈಲೇಜ್ 18ರಿಂದ 13ಕ್ಕೆ ಇಳಿದಿದೆ. ಬೇರೆ ತೊಂದರೆ ಇಲ್ಲ. ಹೋದ ಬೇಸಿಗೆಯಲ್ಲಿ ಇಂಜಿನ್ ಹೀಟ್ ಆಗುತ್ತಿತ್ತು. ಮೆಕ್ಯಾನಿಕ್ ಏನೋ ಸರಿಮಾಡಿಕೊಟ್ಟರು, ಈಗ ಎಷ್ಟು ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳುವುದೇ ಇಲ್ಲ. ಹೊಗೆ ಇಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ. ಕಡಿಮೆ ಖರ್ಚಿನಲ್ಲಿ ಪಾಸ್ ಮಾಡಿಸಲು ಏನು ಮಾಡಬೇಕು ಸರ್?

ಉತ್ತರ: ಆ 16 ಸಾವಿರ ಸದ್ಯಕ್ಕೆ ಜೇಬಿನಲ್ಲೇ ಇರಲಿ. ನಿಮ್ಮ ಕಾರಿಗೆ ಏನಾಗಿದೆ ಎನ್ನುವುದನ್ನು ನೀವೇ ಬರೆದುಬಿಟ್ಟಿದ್ದೀರಿ. ಆದರೆ ತೊಂದರೆಯ ಪಟ್ಟಿಯಲ್ಲಿ ಅಲ್ಲ, ‘ಸರಿಹೋಯಿತು’ ಅಂದ ಜಾಗದಲ್ಲಿ. ಎಷ್ಟು ಓಡಿಸಿದರೂ ಮುಳ್ಳು ಮೇಲೇಳುವುದಿಲ್ಲ ಅಂದಿರಲ್ಲ, ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಕೈಯಲ್ಲಿರುವ ಚೀಟಿ ನೋಡೋಣ.

ಬಹಳ ಜನ ಎಮಿಷನ್ ಚೀಟಿಯಲ್ಲಿ ಪಾಸ್, ಫೇಲ್ ಎರಡೇ ನೋಡುತ್ತಾರೆ. ಅದರಲ್ಲಿರುವ ಸಂಖ್ಯೆಗಳು ಇಂಜಿನ್ನಿನ ರಕ್ತ ಪರೀಕ್ಷೆಯ ರಿಪೋರ್ಟ್ ಇದ್ದ ಹಾಗೆ. ನೂರು ಚಿಲ್ಲರೆ ರೂಪಾಯಿಗೆ ಇಷ್ಟು ವಿಷಯ ಹೇಳುವ ಪರೀಕ್ಷೆ ಗಾಡಿ ಲೋಕದಲ್ಲಿ ಇನ್ನೊಂದಿಲ್ಲ. ಅದನ್ನು ಓದದೆ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ರೀಡಿಂಗ್ ಅಲ್ಲೇ ಇರುತ್ತದೆ.

ನಿಮ್ಮ ಗಾಡಿಗೆ ಮಿತಿ ಎಷ್ಟು? ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಹೊಗೆಗೆ ಸರ್ಕಾರ ಹಂತಹಂತವಾಗಿ ತಂದ ನಿಯಮ. ಅದರಲ್ಲಿ ಬಿಎಸ್-3 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಬಂತು, ದೇಶದ ಉಳಿದ ಕಡೆಗೆ 2010ರಲ್ಲಿ. ಹಾಸನದಲ್ಲಿ 2006ರಲ್ಲಿ ರಿಜಿಸ್ಟರ್ ಆದ ಕಾರು ಬಿಎಸ್-2 ಇರಬಹುದು, ಬಿಎಸ್-3 ಇರಬಹುದು. ತಲೆ ಕೆಡಿಸಿಕೊಳ್ಳಬೇಡಿ, ಪೆಟ್ರೋಲ್ ಕಾರುಗಳಿಗೆ ಎರಡರಲ್ಲೂ ಮಿತಿ ಒಂದೇ: ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ) ಸಿಒ 0.5 ಪರ್ಸೆಂಟ್, ಎಚ್‌ಸಿ 750 ಪಿಪಿಎಂ. ಬಿಎಸ್-4 ಕಾರಾದರೆ ಇದು 0.3 ಮತ್ತು 200ಕ್ಕೆ ಇಳಿಯುತ್ತದೆ. ಜೊತೆಗೆ 2,500 ಆರ್‌ಪಿಎಂ ಹತ್ತಿರ ಇಂಜಿನ್ ಎಬ್ಬಿಸಿ ಇನ್ನೊಂದು ಟೆಸ್ಟ್ ಇರುತ್ತದೆ. 2000ಕ್ಕಿಂತ ಹಿಂದಿನ ಕಾರುಗಳಿಗೆ ಮಿತಿ ತುಂಬಾ ಸಡಿಲ, ಸಿಒ 3 ಪರ್ಸೆಂಟ್, ಎಚ್‌ಸಿ 1,500.

ಇಲ್ಲಿ ಪುಕ್ಕಟೆ ಕೆಲಸ ಒಂದಿದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ, ‘ಎಮಿಷನ್ ನಾರ್ಮ್ಸ್’ ಎಂದಿರುವ ಕಡೆ ಏನು ಬರೆದಿದೆ ನೋಡಿ. ಹಳೆ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಇಂಥವು ತಪ್ಪಾಗುವುದುಂಟು. 2006ರ ಗಾಡಿಗೆ ಬಿಎಸ್-4 ಎಂದು ಬಿದ್ದಿದ್ದರೆ ನೀವು ಯಾವ ರಿಪೇರಿ ಮಾಡಿಸಿದರೂ 200 ಎಚ್‌ಸಿ ಮಿತಿಯಲ್ಲಿ ಒದ್ದಾಡುತ್ತೀರಿ. ತಪ್ಪಿದ್ದರೆ ಆರ್‌ಟಿಒದಲ್ಲಿ ಮೊದಲು ಅದನ್ನು ಸರಿಮಾಡಿಸಿ. ಚೀಟಿಯಲ್ಲೂ ನಿಮ್ಮ ರೀಡಿಂಗ್ ಪಕ್ಕದಲ್ಲಿ ಮಿತಿ ಅಚ್ಚಾಗಿರುತ್ತದೆ. 0.5 ಮತ್ತು 750 ಇದೆಯೇ ಎಂದು ನೋಡಿಕೊಳ್ಳಿ.

ಈಗ ನಿಮ್ಮ ಎರಡು ಸಂಖ್ಯೆಗೆ ಬರೋಣ. ಎಚ್‌ಸಿ ಅಂದರೆ ಉರಿಯದೆ ಹಾಗೇ ಹೊರಬಂದ ಪೆಟ್ರೋಲ್. ಪ್ಲಗ್ ಸರಿಯಾಗಿ ಕಿಡಿ ಹೊಡೆಯದಿದ್ದರೆ, ಇಂಜಿನ್ ಮಿಸ್ ಹೊಡೆಯುತ್ತಿದ್ದರೆ, ವಾಲ್ವ್ ಕೂರದಿದ್ದರೆ ಇದು ಏರುತ್ತದೆ. ನಿಮ್ಮದು 410, ಮಿತಿಯ ಒಳಗೇ ಇದೆ. ಅಂದರೆ ಮೂರೂ ಸಿಲಿಂಡರ್‌ನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುತ್ತಿದೆ. ಪ್ಲಗ್, ಪ್ಲಗ್ ವೈರ್, ಕಂಪ್ರೆಷನ್ ಬಗ್ಗೆ ಸದ್ಯಕ್ಕೆ ಅನುಮಾನ ಬೇಡ.

ಸಿಒ ಅಂದರೆ ಕಾರ್ಬನ್ ಮೋನಾಕ್ಸೈಡ್, ಪೆಟ್ರೋಲ್ ಅರೆಬರೆ ಉರಿದಾಗ ಬರುವ ಗ್ಯಾಸ್. ಹೊತ್ತಿಕೊಂಡಿದೆ, ಆದರೆ ಪೂರ್ತಿ ಉರಿಯಲು ಗಾಳಿ ಸಾಕಾಗಿಲ್ಲ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಸಿಒ 1.86 ಇದೆ ಅಂದರೆ ಅಷ್ಟು ಗಾಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಒಳಗೆ ಹೋಗುತ್ತಿದೆ. ಗ್ಯಾರೇಜ್ ಭಾಷೆಯಲ್ಲಿ ಹೇಳುವುದಾದರೆ ಗಾಡಿ ‘ರಿಚ್’ ಓಡುತ್ತಿದೆ. ನಿಮ್ಮ ಮೈಲೇಜ್ ಇಳಿದದ್ದೂ ಇದೇ ಕಾರಣಕ್ಕೆ. ಸೈಲೆನ್ಸರ್ ಬಾಯಿಯೊಳಗೆ ಬೆರಳು ಹಾಕಿ ನೋಡಿ, ಒಣ ಮಸಿ ಕಪ್ಪಗೆ ಅಂಟುತ್ತದೆ.

ಈಗ ಕ್ಯಾಟ್ ವಿಷಯ. ಕ್ಯಾಟಲಿಟಿಕ್ ಕನ್ವರ್ಟರ್ ಸಿಒ ಗ್ಯಾಸನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಸರಿ. ಆದರೆ ಅದಕ್ಕೆ ಆಮ್ಲಜನಕ ಬೇಕಲ್ಲ? ರಿಚ್ ಓಡುವ ಇಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದೇ ಇಲ್ಲ. ಹಾಗಾಗಿ 16 ಸಾವಿರದ ಹೊಸ ಕ್ಯಾಟ್ ಹಾಕಿದರೂ ಅದು ಸುಮ್ನೆ ಕೂತಿರುತ್ತದೆ. ಅದರ ಮೇಲೆ ಇನ್ನೊಂದು ಕಷ್ಟ. ಹಾಗೆ ರಿಚ್ ಓಡುವ ಗಾಡಿ ನಡುವೆ ಮಿಸ್ ಹೊಡೆಯಲು ಶುರುಮಾಡಿದರೆ, ಉರಿಯದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಉರಿದು, ಅದರೊಳಗಿನ ಜೇನುಗೂಡಿನಂಥ ಹೊಸ ಜಾಲರಿಯನ್ನೇ ಕರಗಿಸಿಬಿಡುತ್ತದೆ. ಮೊದಲು ರಿಚ್ ಆಗಲು ಕಾರಣ ಹುಡುಕಬೇಕು, ಕ್ಯಾಟ್ ಕೊನೆಗೆ.

ಇನ್ನು ಆ ಮುಳ್ಳು. ಹೋದ ಬೇಸಿಗೆಯಲ್ಲಿ ಹೀಟ್ ಆಗುತ್ತಿತ್ತು, ಮೆಕ್ಯಾನಿಕ್ ‘ಏನೋ’ ಮಾಡಿದರು, ಆಮೇಲೆ ಇಂಜಿನ್ ಯಾವಾಗಲೂ ತಣ್ಣಗಿದೆ. ಬಹುಶಃ ಅವರು ಥರ್ಮೋಸ್ಟಾಟ್ ವಾಲ್ವನ್ನು, ಅಂದರೆ ಇಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲನ್ನು, ಕಿತ್ತು ಹಾಕಿದ್ದಾರೆ. ನಮ್ಮ ಗ್ಯಾರೇಜ್‌ಗಳಲ್ಲಿ ಇದು ಮಾಮೂಲಿ. ‘ನಮ್ಮ ಸೆಕೆಗೆ ಇದು ಬೇಡ ಸರ್’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿರುತ್ತದೆ, ಇಲ್ಲವೇ ಫ್ಯಾನ್ ಸರಿಯಾಗಿ ತಿರುಗುತ್ತಿರುವುದಿಲ್ಲ. ಅದನ್ನು ಹುಡುಕುವ ಬದಲು ವಾಲ್ವ್ ತೆಗೆದರೆ ನೀರು ಇಡೀ ಹೊತ್ತು ರೇಡಿಯೇಟರ್‌ನಲ್ಲೇ ಸುತ್ತುತ್ತದೆ, ಹೀಟ್ ನಿಲ್ಲುತ್ತದೆ, ಗಿರಾಕಿ ಖುಷಿ.

ಕಾರ್ಬೊರೇಟರ್ ಕಾಲದಲ್ಲಿ ಇದರಿಂದ ಆಗುತ್ತಿದ್ದ ನಷ್ಟ ಕಮ್ಮಿ. ಎಂಪಿಎಫ್‌ಐ ಗಾಡಿಯಲ್ಲಿ ಹಾಗಲ್ಲ. ಇಂಜಿನ್ ತಣ್ಣಗಿದ್ದಾಗ ಕಂಪ್ಯೂಟರ್ ಬೇಕೆಂದೇ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಹಳೆಯ ಗಾಡಿಗಳಲ್ಲಿ ಚೋಕ್ ಎಳೆಯುತ್ತಿದ್ದೆವಲ್ಲ, ಅದೇ ಕೆಲಸ. ಇಂಜಿನ್ ನೀರು ಕಾದ ಮೇಲೆ ಆ ಹೆಚ್ಚುವರಿ ಪೆಟ್ರೋಲ್ ನಿಲ್ಲಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಅಳತೆ ಮಾಡಿ ಬಿಡಲು ಶುರುಮಾಡುತ್ತದೆ. ವಾಲ್ವ್ ಇಲ್ಲದ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲೂ ಹಾಸನದ ಚಳಿಯಲ್ಲಿ ಬೆಳಗ್ಗೆ ಹೊರಟರೆ ಕಂಪ್ಯೂಟರ್ ಪಾಲಿಗೆ ದಿನವಿಡೀ ಬೆಳಗಿನ ಆರು ಗಂಟೆಯೇ. ಚೋಕ್ ಎಳೆದುಕೊಂಡೇ ಗಾಡಿ ಓಡುತ್ತದೆ. ಸಿಒ 1.86 ಬರುವುದು ಆಶ್ಚರ್ಯವಲ್ಲ.

ವಾಲ್ವ್ ಇದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಬೆಳಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ರೇಡಿಯೇಟರ್‌ನ ಮೇಲಿನ ದಪ್ಪ ರಬ್ಬರ್ ಪೈಪ್ ಮೇಲೆ ಕೈ ಇಡಿ. ಫ್ಯಾನ್ ಹತ್ತಿರ ಕೈ, ಶರ್ಟಿನ ತೋಳು, ದುಪಟ್ಟಾ ಹೋಗದಂತೆ ಎಚ್ಚರ. ವಾಲ್ವ್ ಇದ್ದರೆ ಆ ಪೈಪ್ ಬಹಳ ಹೊತ್ತು ತಣ್ಣಗೇ ಇರುತ್ತದೆ. ಇಂಜಿನ್ ಕಾದು ವಾಲ್ವ್ ತೆರೆದುಕೊಂಡ ಮೇಲೆ ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ವಾಲ್ವ್ ಇಲ್ಲದಿದ್ದರೆ, ಅಥವಾ ತೆರೆದುಕೊಂಡೇ ಸಿಕ್ಕಿಬಿದ್ದಿದ್ದರೆ, ಪೈಪ್ ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ, ಒಮ್ಮೆಲೇ ಬಿಸಿಯಾಗುವುದೇ ಇಲ್ಲ.

ಹೊಸ ವಾಲ್ವ್, ಗ್ಯಾಸ್ಕೆಟ್ ಸೇರಿ ಐನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯಬೇಕು. ಹಾಕುವ ಮುಂಚೆ ದಾರಕ್ಕೆ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ ನೋಡಿ. ಸುಮಾರು 82 ಡಿಗ್ರಿಗೆ, ಅಂದರೆ ನೀರು ಕುದಿಯಲು ಇನ್ನೂ ಸ್ವಲ್ಪ ಬಾಕಿ ಇರುವಾಗ, ಬಾಯಿ ಬಿಡಲು ಶುರುಮಾಡಬೇಕು. ಹೊಸದರಲ್ಲೂ ಕೆಟ್ಟದ್ದು ಬರುತ್ತದೆ, ಹತ್ತು ನಿಮಿಷದ ಕೆಲಸ.

ಆದರೆ ಸುಮ್ಮನೆ ವಾಲ್ವ್ ಹಾಕಿ ಗಾಡಿ ತೆಗೆದುಕೊಂಡು ಬರಬೇಡಿ. ಅದನ್ನು ತೆಗೆಸಿದ ಕಾಯಿಲೆ ಒಳಗೆ ಹಾಗೇ ಇದೆ. ರೇಡಿಯೇಟರ್ ಕಟ್ಟಿಕೊಂಡಿರುವಾಗ ವಾಲ್ವ್ ಹಾಕಿದರೆ ಮತ್ತೆ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಗ ಕ್ಯಾಟ್ ಖರ್ಚೇ ವಾಸಿ ಅನ್ನಿಸಿಬಿಡುತ್ತದೆ. ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ತೆಗೆಯಬೇಕು, ಬಿಸಿ ಇದ್ದಾಗ ಮುಟ್ಟಲೇಬೇಡಿ. ಒಳಗೆ ತುಕ್ಕಿನ ಬಣ್ಣದ ನೀರು, ಬಿಳಿ ಪದರ ಕಂಡರೆ ಇಷ್ಟು ದಿನ ಬೋರ್‌ವೆಲ್ ನೀರು ಹಾಕಿದ್ದಾರೆ ಅಂತಲೇ ಲೆಕ್ಕ. ರೇಡಿಯೇಟರ್ ಅಂಗಡಿಯಲ್ಲಿ ಬಿಚ್ಚಿಸಿ ಕ್ಲೀನ್ ಮಾಡಿಸಿ. ಕ್ಯಾಪ್ ಹಳತಾಗಿದ್ದರೆ ಬದಲಿಸಿ. ಫ್ಯಾನ್ ತಾನಾಗಿಯೇ ಶುರುವಾಗುತ್ತದೆಯೇ ನೋಡಿ. ಕೆಲವು ಕಡೆ ಫ್ಯಾನಿಗೆ ನೇರ ವೈರ್ ಕೊಟ್ಟು ಕೀ ತಿರುಗಿಸಿದಾಗಿನಿಂದ ಓಡುವಂತೆ ಮಾಡಿಟ್ಟಿರುತ್ತಾರೆ, ಅದೂ ಇಂಜಿನ್ ಕಾಯಲು ಬಿಡುವುದಿಲ್ಲ. ಕೊನೆಗೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿಸಿ. ಇದೆಲ್ಲ ಸೇರಿಸಿದರೂ ಕ್ಯಾಟ್ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ.

ವಾಲ್ವ್ ಸರಿಯಿದ್ದು ಸಿಒ ಇನ್ನೂ ಜಾಸ್ತಿ ಇದ್ದರೆ ಮುಂದಿನ ಅನುಮಾನ ಟೆಂಪರೇಚರ್ ಸೆನ್ಸರ್ ಮೇಲೆ. ಮೀಟರಿನ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರಿಗೆ ಇನ್ನೊಂದು ಇರುವುದು ಸಾಮಾನ್ಯ. ಮುಳ್ಳು ಸರಿಯಾಗಿ ತೋರಿಸಿದರೂ ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗುತ್ತಿರಬಹುದು. ಎರಡು ವೈರ್ ಇರುವ ಸೆನ್ಸರ್ ಅದು. ಸಾಕೆಟ್ ತೆಗೆದು ಮಲ್ಟಿಮೀಟರ್ ಹಿಡಿದರೆ ತಣ್ಣಗಿದ್ದಾಗ ಎರಡು, ಎರಡೂವರೆ ಸಾವಿರ ಓಮ್ ಹತ್ತಿರ, ಇಂಜಿನ್ ಚೆನ್ನಾಗಿ ಕಾದ ಮೇಲೆ ಮುನ್ನೂರರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಬದಲಿಸಿ. ಸಾಕೆಟ್ಟಿನಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಅದನ್ನು ಒರೆಸಿದರೂ ಕೆಲವೊಮ್ಮೆ ಸಾಕು.

ಏರ್ ಫಿಲ್ಟರ್ ಹೇಗಿದ್ದರೂ ಬದಲಿಸಿ, ಇನ್ನೂರು ರೂಪಾಯಿಯ ಮಾತು. ವ್ಯಾಕ್ಯೂಮ್ ಪೈಪ್‌ಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ, ಇಪ್ಪತ್ತು ವರ್ಷದ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಕಂಪ್ಯೂಟರಿಗೆ ಗಾಳಿಯ ಲೆಕ್ಕ ಹೇಳುವ ಸೆನ್ಸರಿನ ಪೈಪ್ ಕಳಚಿದ್ದರೂ ಗಾಡಿ ರಿಚ್ ಓಡುತ್ತದೆ. ಪೆಟ್ರೋಲ್ ಒತ್ತಡ ಹತೋಟಿಯಲ್ಲಿಡುವ ಪ್ರೆಷರ್ ರೆಗ್ಯುಲೇಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಎಳೆದು ಮೂಸಿ ನೋಡಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ, ಅಲ್ಲಿಂದಲೇ ಇಂಜಿನ್ ಪೆಟ್ರೋಲ್ ಕುಡಿಯುತ್ತಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ನಿಮ್ಮ ಕಾರು ಮಾಡುವಾಗ ಅದನ್ನು ಯೋಚಿಸಿರಲಿಲ್ಲ. ಹಳೆ ರಬ್ಬರ್ ಬೇಗ ಕೆಡುತ್ತದೆ. ಪೆಟ್ರೋಲ್ ಪೈಪ್‌ಗಳಲ್ಲಿ ಬಿರುಕು ಅಥವಾ ಪಸೆ ಕಂಡರೆ ಎಮಿಷನ್ ಮಾತು ಬಿಡಿ, ಬೆಂಕಿಯ ಭಯಕ್ಕಾದರೂ ಅವತ್ತೇ ಬದಲಿಸಿ.

ಇಂಜಿನ್ ಆಯಿಲ್ ಯಾವಾಗ ಬದಲಿಸಿದ್ದು? ಇಷ್ಟು ದಿನ ರಿಚ್ ಓಡಿದ ಗಾಡಿಯಲ್ಲಿ ಪೆಟ್ರೋಲ್ ಸ್ವಲ್ಪ ಸ್ವಲ್ಪ ಇಳಿದು ಆಯಿಲ್ಲಿಗೆ ಸೇರಿರುತ್ತದೆ. ಇಂಜಿನ್ ಕಾದಾಗ ಅದು ಆವಿಯಾಗಿ, ಇಂಜಿನ್ನಿನೊಳಗಿನ ಆವಿಯನ್ನು ವಾಪಸ್ ಎಳೆದುಕೊಳ್ಳುವ ಪಿಸಿವಿ ಪೈಪ್ ಮೂಲಕ ಮತ್ತೆ ಒಳಗೇ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸದೆ ಟೆಸ್ಟಿಗೆ ಹೋಗಬೇಡಿ. ಇದಕ್ಕೊಂದು ಒಳ್ಳೆಯ ಪರೀಕ್ಷೆಯೂ ಇದೆ. ಎಮಿಷನ್ ಸೆಂಟರಿನಲ್ಲಿ ಸೈಲೆನ್ಸರ್ ಒಳಗೆ ಪ್ರೋಬ್ (ಹೊಗೆ ಅಳೆಯುವ ಕಡ್ಡಿ) ಹಾಕಿರುವಾಗಲೇ ಪಿಸಿವಿ ವಾಲ್ವನ್ನು ಟ್ಯಾಪೆಟ್ ಕವರಿನಿಂದ ಎಳೆದು ಹೊರಗಿನ ಗಾಳಿ ಎಳೆಯಲು ಬಿಡಿ. ಸಿಒ ದಡಕ್ಕನೆ ಇಳಿದು ಅಲ್ಲೇ ನಿಂತರೆ ಆಯಿಲ್‌ನಲ್ಲಿ ಪೆಟ್ರೋಲ್ ಇದೆ ಅಂತ ಅರ್ಥ. ಎಲ್ಲ ರಿಪೇರಿ ಮುಗಿದ ಮೇಲೆ ಆಯಿಲ್ ಬದಲಿಸಬೇಕು, ಮೊದಲೇ ಬದಲಿಸಿದರೆ ಹೊಸ ಆಯಿಲ್ಲೂ ಕೆಡುತ್ತದೆ.

ಇಷ್ಟಾದರೂ ಸಿಒ ಇಳಿಯದಿದ್ದರೆ ಆಕ್ಸಿಜನ್ ಸೆನ್ಸರ್. ಬೆಲೆ ಒಂದೂವರೆಯಿಂದ ಮೂರು ಸಾವಿರ, ಹಾಗಾಗಿ ಊಹೆಯ ಮೇಲೆ ಬದಲಿಸಬೇಡಿ. ಇಂಜಿನ್ ಬಿಸಿಯಿದ್ದಾಗ ಅದರ ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದರೆ 0.1 ಮತ್ತು 0.9 ವೋಲ್ಟ್ ನಡುವೆ ಏರಿಳಿಯುತ್ತಾ ಇರಬೇಕು. ಒಂದೇ ಕಡೆ ನಿಂತಿದ್ದರೆ ಸೆನ್ಸರ್ ಸತ್ತಿರಬಹುದು. ಆದರೆ ಸೆನ್ಸರಿಗೆ ಗಲ್ಲು ಹಾಕುವ ಮೊದಲು ಸೈಲೆನ್ಸರ್ ಪೈಪಿನ ಮುಂಭಾಗ ನೋಡಿ. ಇಂಜಿನ್ನಿಗೆ ಆ ಪೈಪ್ ಸೇರುವ ಕಡೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೆ ಸೆನ್ಸರಿಗಿಂತ ಮುಂಚೆಯೇ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್ ‘ಗಾಳಿ ಜಾಸ್ತಿ ಇದೆ’ ಅನ್ನುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಏರಿಸುತ್ತದೆ. ಸೆನ್ಸರ್ ಸುಳ್ಳು ಹೇಳಿಲ್ಲ, ಪೈಪ್ ಮೋಸ ಮಾಡಿದೆ. ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎಂದು ಸದ್ದು ಬಂದು, ಬಿಸಿಯಾದ ಮೇಲೆ ಕಮ್ಮಿಯಾದರೆ ಅನುಮಾನವೇ ಬೇಡ, ಅದೇ ಗ್ಯಾಸ್ಕೆಟ್.

ಆನ್‌ಲೈನಿನಲ್ಲಿ ಸಿಗುವ ಐನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತರಿಸಬೇಡಿ. ಅದು ಓದುವ ಓಬಿಡಿ (ಕಂಪ್ಯೂಟರ್ ದೋಷ ದಾಖಲಿಸಿಡುವ ವ್ಯವಸ್ಥೆ) ನಮ್ಮಲ್ಲಿ ಕಡ್ಡಾಯವಾಗಿದ್ದು 2010ರ ನಂತರದ ಬಿಎಸ್-4 ಗಾಡಿಗಳಿಂದ. ನಿಮ್ಮ ಕಾರಿನಲ್ಲಿ ಅದು ಕೆಲಸ ಮಾಡುತ್ತದೆ ಎನ್ನುವ ಭರವಸೆ ಇಲ್ಲ. ಹಳೆ ಮಾರುತಿ ಗಾಡಿಗಳಲ್ಲಿ ಪಳಗಿದ, ಅದಕ್ಕೆ ಬೇಕಾದ ಸ್ಕ್ಯಾನರ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಸಿಕ್ಕರೆ ಅವರ ಇನ್ನೂರು ಮುನ್ನೂರು ರೂಪಾಯಿ ಚಾರ್ಜು ಕೊಟ್ಟು ತೋರಿಸುವುದು ವಾಸಿ.

ಟೆಸ್ಟ್ ದಿನದ ವಿಷಯ. ಇಲ್ಲಿ ಖರ್ಚಿಲ್ಲದೆ ಗೆಲ್ಲುವುದು ಬಹಳ ಇದೆ. ಕ್ಯಾಟ್ ಕೆಲಸ ಶುರುಮಾಡುವುದು ಸುಮಾರು 250ರಿಂದ 300 ಡಿಗ್ರಿ ಬಿಸಿಯಾದ ಮೇಲೆ. ಆಕ್ಸಿಜನ್ ಸೆನ್ಸರಿಗೂ ಹೆಚ್ಚುಕಮ್ಮಿ ಅಷ್ಟೇ ಬಿಸಿ ಬೇಕು. ಮನೆಯಿಂದ ಹೊರಟು ಎರಡು ರಸ್ತೆ ದಾಟಿ ಸೆಂಟರಿಗೆ ಹೋದರೆ ಏನೂ ಕಾದಿರುವುದಿಲ್ಲ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯ ಕಡೆ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿಕೊಂಡು ಬಂದು ನೇರ ಸೆಂಟರಿಗೆ ಹೋಗಿ. ಅಲ್ಲಿ ಕ್ಯೂ ಇದ್ದರೆ ಇಂಜಿನ್ ಆಫ್ ಮಾಡಬೇಡಿ. ಬರೀ ಐಡ್ಲಿಂಗ್‌ನಲ್ಲಿ ಬಿಟ್ಟರೂ ಕ್ಯಾಟ್ ಆರುತ್ತದೆ, ನಿಮ್ಮ ಸರದಿ ಬರುವ ಮುಂಚೆ ಎರಡು ಮೂರು ನಿಮಿಷ ಆಕ್ಸಿಲರೇಟರ್ ಹಿಡಿದು 2,500 ಆರ್‌ಪಿಎಂ ಹತ್ತಿರ ಇರಿಸಿ. ಎಸಿ, ಲೈಟ್ ಆಫ್ ಇರಲಿ. ಟ್ಯಾಂಕ್ ಕತ್ತಿನ ತನಕ ತುಂಬಿಸಿಕೊಂಡು ಹೋಗಬೇಡಿ, ಆ ಆವಿಯೂ ಇಂಜಿನ್ನಿಗೇ ಬರುತ್ತದೆ.

ಸೆಂಟರಿನವರ ಹತ್ತಿರ ‘ಮೊದಲು ಸುಮ್ನೆ ರೀಡಿಂಗ್ ನೋಡಿ ಅಣ್ಣ’ ಎಂದು ಕೇಳಿ. ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಪ್ರೋಬ್ ಕನಿಷ್ಠ 30 ಸೆಂಟಿಮೀಟರ್ ಒಳಗೆ ಹೋಗಿರಬೇಕು. ಸಿಒ, ಎಚ್‌ಸಿ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಎಷ್ಟು ತೋರಿಸುತ್ತಿದೆ ಎಂದು ಬರೆದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ 13ರಿಂದ 15 ಇದ್ದರೆ ಉರಿ ಚೆನ್ನಾಗಿದೆ. ಅದು ಹತ್ತರ ಕೆಳಗಿದ್ದು ಆಕ್ಸಿಜನ್ ಜಾಸ್ತಿ ಇದ್ದರೆ ಸೈಲೆನ್ಸರ್‌ನಲ್ಲಿ ತೂತಿದೆ, ಅಥವಾ ಯಾವುದೋ ಸಿಲಿಂಡರ್ ಉರಿಯುತ್ತಿಲ್ಲ.

ಸೈಲೆನ್ಸರ್ ತೂತಿನ ಬಗ್ಗೆ ಒಂದು ಮಾತು ಗಂಭೀರವಾಗಿ ಹೇಳಬೇಕು. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಮ್ಮ ಗಾಡಿ ಅದನ್ನು ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಬಿಡುತ್ತಿದೆ. ಕಾರಿನ ಅಡಿಯಲ್ಲಿ ಪೈಪ್ ತುಕ್ಕು ತಿಂದು, ನೆಲದ ಶೀಟಿನಲ್ಲೂ ತೂತಿದ್ದರೆ ಅದು ಒಳಗೆ ಬರುತ್ತದೆ. ಈ ರಿಪೇರಿ ಮುಗಿಯುವ ತನಕ ಗಾಜು ಏರಿಸಿಕೊಂಡು, ಇಂಜಿನ್ ಓಡಿಸುತ್ತಾ ನಿಂತಲ್ಲೇ ಕೂರಬೇಡಿ. ಶೆಡ್ ಒಳಗೆ ಬಾಗಿಲು ಹಾಕಿಕೊಂಡು ಇಂಜಿನ್ ಕಾಯಿಸುವುದಂತೂ ಬೇಡವೇ ಬೇಡ. ಮಕ್ಕಳು ಹಿಂದೆ ಕೂತು ತಲೆನೋವು ಅಂದರೆ ಗಾಡಿ ನಿಲ್ಲಿಸಿ ಕೆಳಗಿಳಿಸಿ.

ಕ್ಯಾಟ್ ಯಾವಾಗ ಬದಲಿಸಬೇಕು ಹಾಗಾದರೆ? ಮೇಲಿನದೆಲ್ಲ ಆಗಿ, ಗಾಡಿ ಚೆನ್ನಾಗಿ ಕಾದಿದ್ದು, ಸೆನ್ಸರ್ ಏರಿಳಿಯುತ್ತಿದ್ದೂ ಸಿಒ 0.7, 0.8ರಲ್ಲಿ ನಿಂತುಬಿಟ್ಟರೆ ಆಗ ಕ್ಯಾಟ್ ಸೋತಿದೆ ಅನ್ನಬಹುದು. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಗಲಗಲ ಅಂದರೂ ಅಷ್ಟೇ, ಜೇನುಗೂಡು ಒಡೆದಿದೆ. ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಕೆಳಗೆ ಬಗ್ಗಿ ಕ್ಯಾಟ್ ಇದೆಯೇ ಎಂದು ಮೊದಲು ನೋಡಬೇಕು. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಬಿಚ್ಚಿ ಮಾರಿಕೊಂಡು ಬರೀ ಪೈಪ್ ಬೆಸುಗೆ ಹಾಕಿಟ್ಟ ಗಾಡಿಗಳೂ ಇವೆ. ಹೊಸ ಕ್ಯಾಟ್ ಕೊಳ್ಳುವಾಗ ತೀರಾ ಅಗ್ಗದ್ದಕ್ಕೆ ಹೋಗಬೇಡಿ. ಬೆಲೆ ಇರುವುದೇ ಆ ಲೋಹಕ್ಕೆ, ಅಗ್ಗ ಅಂದರೆ ಅದೇ ಕಮ್ಮಿ.

ಇದನ್ನು ಓದುವ ಬೇರೆಯವರಿಗೆ ನಿಮ್ಮ ಲೆಕ್ಕ ಉಲ್ಟಾ ಇರಬಹುದು, ಸಿಒ ಕಮ್ಮಿ, ಎಚ್‌ಸಿ ಜಾಸ್ತಿ. ಅವರು ಪ್ಲಗ್, ಪ್ಲಗ್ ವೈರ್‌ನಿಂದ ಶುರುಮಾಡಲಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿದರೆ ಹಳೆ ವೈರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಟ್ಯಾಪೆಟ್, ಅಂದರೆ ಇಂಜಿನ್ ವಾಲ್ವ್ ತೆರೆಯುವ ಭಾಗದಲ್ಲಿ ಬಿಡುವ ಸಂದು. ತುಂಬಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ‘ಸದ್ದು ಬರಬಾರದು’ ಎಂದು ಬಿಗಿ ಮಾಡಿಸುವವರಿಗೆ ಈ ತೊಂದರೆ ಗ್ಯಾರಂಟಿ. ವ್ಯಾಕ್ಯೂಮ್ ಪೈಪಿನಲ್ಲಿ ಸುಯ್ ಎಂದು ಗಾಳಿ ಎಳೆಯುವ ಸದ್ದು ಕೇಳಿದರೂ ಎಚ್‌ಸಿ ಏರುತ್ತದೆ.

ಹಳೆಯ ಕಾರ್ಬೊರೇಟರ್ ಗಾಡಿಯವರಿಗೆ ಕೆಲಸ ಇನ್ನೂ ಸುಲಭ. ಕಾರ್ಬೊರೇಟರ್ ಕ್ಲೀನ್, ಫ್ಲೋಟ್ ಮಟ್ಟ ಸರಿ, ಚೋಕ್ ಪೂರ್ತಿ ತೆರೆದಿದೆ ಎಂದು ನೋಡಿ, ಪ್ರೋಬ್ ಹಾಕಿರುವಾಗಲೇ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಹೊಂದಿಸಬಹುದು. ಅದಕ್ಕೆ ಕಾರ್ಬೊರೇಟರ್ ಗೊತ್ತಿರುವ ಹಳೆ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ.

ಡೀಸೆಲ್ ಗಾಡಿಯ ಟೆಸ್ಟೇ ಬೇರೆ. ಅಲ್ಲಿ ಅಳೆಯುವುದು ಹೊಗೆಯ ದಟ್ಟಣೆ. ಬಿಎಸ್-4ಕ್ಕಿಂತ ಹಿಂದಿನವಕ್ಕೆ ಮಿತಿ 65 ಎಚ್‌ಎಸ್‌ಯು (ಹೊಗೆ ದಟ್ಟಣೆಯ ಅಳತೆ), ಬಿಎಸ್-4ಕ್ಕೆ 50. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡುತ್ತಾರೆ. ಹಳೆ ಇಂಡಿಕಾದಂಥ ಟೈಮಿಂಗ್ ಬೆಲ್ಟ್ ಗಾಡಿ ಇದ್ದರೆ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ನೆನಪಿಸಿಕೊಂಡು ಹೋಗಿ. ಸವೆದ ಬೆಲ್ಟ್ ಆ ಏಟಿನಲ್ಲಿ ಹರಿದರೆ ವಾಲ್ವ್ ಬಾಗುತ್ತದೆ, ಎಮಿಷನ್ ಚೀಟಿಗೆ ಹೋಗಿ ಇಂಜಿನ್ ಬಿಚ್ಚಿಸಿಕೊಂಡು ಬರಬೇಕಾಗುತ್ತದೆ. ಆಯಿಲ್ ಮಟ್ಟವನ್ನೂ ನೋಡಿಕೊಳ್ಳಿ. ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್, ಟರ್ಬೊ ಇದ್ದರೆ ಅದರ ಪೈಪ್, ಆಮೇಲೆ ಇಜಿಆರ್ (ಒಂದಷ್ಟು ಹೊಗೆಯನ್ನು ಇಂಜಿನ್ನಿಗೇ ವಾಪಸ್ ಕಳಿಸುವ ವಾಲ್ವ್) ಮಸಿ ಕ್ಲೀನ್ ಮಾಡಿಸಿ. ನಾಝಲ್‌ಗಳನ್ನು ಬಿಚ್ಚಿ ಡೀಸೆಲ್ ಪಂಪ್ ಅಂಗಡಿಯಲ್ಲಿ ಸ್ಪ್ರೇ ತೋರಿಸಲು ಹೇಳಿ. ಮಂಜಿನಂತೆ ಹರಡಬೇಕು, ಹನಿ ತೊಟ್ಟಿಕ್ಕಬಾರದು. ಪಂಪ್ ಕ್ಯಾಲಿಬ್ರೇಷನ್ ಖರ್ಚು ಕೊನೆಗೆ. ಊರೊಳಗೇ ಓಡುವ ಡೀಸೆಲ್ ಗಾಡಿಯನ್ನು ಟೆಸ್ಟಿಗೆ ಮೊದಲು ಹೈವೇಯಲ್ಲಿ ಅರ್ಧ ಗಂಟೆ ಮೂರನೇ, ನಾಲ್ಕನೇ ಗೇರಿನಲ್ಲಿ ಚೆನ್ನಾಗಿ ಎಳೆಸಿದರೆ ಪೈಪಿನಲ್ಲಿ ಕೂತ ಮಸಿ ಅಲ್ಲೇ ಉದುರುತ್ತದೆ.

ಇನ್ನು ಅಡ್ಡದಾರಿಗಳು. ಟ್ಯಾಂಕಿಗೆ ಥಿನ್ನರ್ ಸುರಿಯುವುದು ಬೇಡ, ರಬ್ಬರ್, ಪಂಪ್ ಎರಡೂ ಹಾಳು. ಇಂಜೆಕ್ಟರ್ ಕ್ಲೀನರ್ ಬಾಟಲಿ ಹಾಕಿ ಒಂದು ಟ್ಯಾಂಕ್ ಓಡಿಸಿದರೆ ಕೊಳಕು ಇಂಜೆಕ್ಟರಿಗೆ ಸ್ವಲ್ಪ ಉಪಯೋಗ ಇದೆ. ನಿಮ್ಮ 1.86 ಅದರಿಂದ ಇಳಿಯುವುದಿಲ್ಲ. ಗಾಡಿ ನೋಡದೆ ಚೀಟಿ ಕೊಡುವವರು ಸಿಗುತ್ತಾರೆ ಅನ್ನುವುದು ನನಗೂ ಗೊತ್ತು. ಆ ಚೀಟಿ ನಿಮ್ಮ ಮೈಲೇಜನ್ನು 18ಕ್ಕೆ ತರುವುದಿಲ್ಲ. ಲೀಟರಿಗೆ ಐದು ಕಿಲೋಮೀಟರ್ ದಿನಾ ಪೈಪಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಮೇಲೆ ಹೇಳಿದ ಹಾಗೆ ಪೆಟ್ರೋಲ್ ಸೇರಿದ ಆಯಿಲ್ ರಿಂಗ್, ಬೇರಿಂಗ್ ಸವೆಸುತ್ತದೆ.

ಎಲ್ಲಿಗೆ ಖರ್ಚು ನಿಲ್ಲಿಸಬೇಕು ಎಂದೂ ಹೇಳಿಬಿಡುತ್ತೇನೆ. ಇಷ್ಟೆಲ್ಲ ಆದ ಮೇಲೂ ಗಾಡಿ ಪಾಸ್ ಆಗದಿದ್ದರೆ ಕಂಪ್ರೆಷನ್ ಚೆಕ್ ಮಾಡಿಸಿ. ಮೂರು ಸಿಲಿಂಡರ್ ನಡುವೆ ಒತ್ತಡದಲ್ಲಿ ಒಂದು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ಪಿಸ್ಟನ್ ರಿಂಗ್ ಹೋಗಿದೆ, ಏರದಿದ್ದರೆ ಇಂಜಿನ್ನಿನ ವಾಲ್ವ್. ಅದು ಇಂಜಿನ್ ಬಿಚ್ಚುವ ಕೆಲಸ, ಅಪ್ಪನ ಗಾಡಿ ಅನ್ನುವ ಪ್ರೀತಿಗೆ ಎಷ್ಟು ಬೆಲೆ ಎಂದು ಮನೆಯವರೆಲ್ಲ ಕೂತು ಮಾತಾಡಬೇಕಾದ ಹಂತ. ನಿಮ್ಮದು ಅಲ್ಲಿಗೆ ಹೋಗುತ್ತದೆ ಅನ್ನಿಸುವುದಿಲ್ಲ. ನೀಲಿ ಹೊಗೆ ಇಲ್ಲ, ಆಯಿಲ್ ಇಳಿಯುತ್ತಿಲ್ಲ, ಎಚ್‌ಸಿ ಮಿತಿಯೊಳಗೇ ಇದೆ. ಈ ವಾರ ರೇಡಿಯೇಟರ್, ವಾಲ್ವ್ ಕೆಲಸ ಮುಗಿಸಿ, ನಾಲ್ಕೈದು ದಿನ ಓಡಿಸಿ, ಆಯಿಲ್ ಬದಲಿಸಿ, ಮತ್ತೆ ರೀಡಿಂಗ್ ತೆಗೆಸಿ. ಆಗಲೂ ಫೇಲ್ ಆದರೆ ನಾಲ್ಕೂ ಸಂಖ್ಯೆ ಬರೆದು ಕಳಿಸಿ, ಮುಂದಿನದು ನೋಡೋಣ.